ಮೂರನೇ ‘ಎ’ ಕ್ರಾಸಿನ ಮಹಾತ್ಮೆ

ಬೆಂಗಳೂರಿನಲ್ಲಿ ನೀರಿಗೆ ಬರ ಬರಬಹುದು, ಗಾಡಿ ನಿಲ್ಲಿಸುವ ಜಾಗಕ್ಕಂತೂ ಬಂದೇ ಬಿಟ್ಟಿದೆ. ಒಂದನೇ ಮೇನಿಗೆ ಮಾತ್ರ ಯಾವತ್ತೂ ಬರವಿಲ್ಲ. ಜಯನಗರಕ್ಕೆ ಹೋಗಿ, ಅಲ್ಲೊಂದು ಒಂದನೇ ಮೇನು. ವಿಜಯನಗರಕ್ಕೆ ಹೋಗಿ, ಅಲ್ಲೂ ಒಂದು. ರಾಜಾಜಿನಗರ, ಕೋರಮಂಗಲ, ಜೆ.ಪಿ. ನಗರ, ಎಲ್ಲೇ ಬಸ್ಸಿಳಿದರೂ ‘ನಾನೇ ಮೊದಲನೆಯವನು’ ಅಂತ ಒಂದು ಬೋರ್ಡು ನಿಂತಿರುತ್ತದೆ. ಊರಿಗೆ ಹೊಸಬರು ಯಾರಾದರೂ ಆಟೋ ಹತ್ತಿ “ಫಸ್ಟ್ ಮೇನ್, ಥರ್ಡ್ ಕ್ರಾಸ್” ಅಂತ ಠೀವಿಯಿಂದ ಹೇಳಿ ಕೂತರೆ, ಡ್ರೈವರು ಮೀಟರಿಗೆ ಕೈ ಹಾಕುವ ಮುಂಚೆ ಕನ್ನಡಿಯಲ್ಲಿ ಅವರ ಮುಖ ನೋಡುತ್ತಾನೆ. “ಅದು ಸರಿ ಸಾರ್, ಯಾವ ಏರಿಯಾ?” (ಮೀಟರಿಗೆ ಕೈ ಹಾಕುತ್ತಾನೆ ಅಂದದ್ದು ನನ್ನ ಕವಿಸಮಯ, ಮನ್ನಿಸಿ.)

ನಾವಿರುವುದು 3ನೇ ‘ಎ’ ಕ್ರಾಸಿನಲ್ಲಿ. ಈ ಕಡೆ 3ನೇ ಕ್ರಾಸು, ಆ ಕಡೆ 4ನೇ ಕ್ರಾಸು, ನಡುವೆ ನಾವು. ಪಕ್ಕದ ಮನೆಯಲ್ಲಿ ಪೋಸ್ಟ್‌ಮ್ಯಾನ್ ಆಗಿ ರಿಟೈರಾದವರಿದ್ದಾರೆ. ಬೀದಿಗೆಲ್ಲ ಅವರು ಪೋಸ್ಟಣ್ಣ. ಸಂಜೆ ನಲ್ಲಿ ನೀರು ಬಿಟ್ಟ ಮೇಲೆ ಇಬ್ಬರೂ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ನಿಂತರೆ, ದೇಶದ ಬಜೆಟ್ಟಿನಿಂದ ಹಿಡಿದು ಎದುರುಮನೆಯ ನಾಯಿಯವರೆಗೆ ಎಲ್ಲದರ ವಿಲೇವಾರಿ ಅಲ್ಲೇ ಆಗುತ್ತದೆ.

ಮೊನ್ನೆ ಹೀಗೇ ನಿಂತಿದ್ದಾಗ ಡೆಲಿವರಿ ಹುಡುಗನೊಬ್ಬ ಸ್ಕೂಟರ್ ನಿಲ್ಲಿಸಿದ. ಹೆಲ್ಮೆಟ್ ತೆಗೆದಿಲ್ಲ, ಒಂದು ಕೈಯಲ್ಲಿ ಫೋನು, ಕಾಲ ಬಳಿ ಡಬ್ಬ. “ಸಾರ್, ಥರ್ಡ್ ಕ್ರಾಸ್ ಇಪ್ಪತ್ಮೂರು ಯಾವುದು? ಮ್ಯಾಪು ಇಲ್ಲೇ ಅಂತಿದೆ, ಅವರು ಫೋನ್ ಎತ್ತುತ್ತಿಲ್ಲ.” ಇಪ್ಪತ್ಮೂರು 3ನೇ ಕ್ರಾಸಿನಲ್ಲೂ ಇದೆ, 3ನೇ ‘ಎ’ಯಲ್ಲೂ ಇದೆ. ರಾಜಕಾಲುವೆ ದಾಟಿದರೆ ಮತ್ತೊಂದು ಬಡಾವಣೆ. ಅಲ್ಲೂ ಒಂದು 3ನೇ ಕ್ರಾಸ್, ಅದರಲ್ಲೂ ಒಂದು ಇಪ್ಪತ್ಮೂರು. ಪೋಸ್ಟಣ್ಣ ನಂಬರಿನ ತಂಟೆಗೇ ಹೋಗಲಿಲ್ಲ. “ಯಾರ ಹೆಸರಿಗೆ ಬಂದಿದೆಯಪ್ಪ?” ಅಂದರು. ಹುಡುಗ ಹೆಸರು ಓದಿದ. “ಓ, ಅವರಾ? ಹಿಂದೆ ಹೋಗಿ ಎಡಕ್ಕೆ ತಿರುಗು, ಇಸ್ತ್ರಿ ಗಾಡಿ ಇದೆ, ಅದರ ಎದುರು ಮಹಡಿ ಮನೆ. ಬೆಲ್ ಕೆಟ್ಟಿದೆ, ಗೇಟು ಬಡಿ.”

ಹುಡುಗ ಹೋದ. ನನಗೆ ಬಾಯಿ ಕಡಿಯಿತು. “ಅಲ್ಲ ಪೋಸ್ಟಣ್ಣ, ಈ ‘ಎ’ ಯಾಕೆ ಬೇಕಿತ್ತು? ಮೂರಾದ ಮೇಲೆ ನಾಲ್ಕು ಅಂತ ನೆಟ್ಟಗೆ ಎಣಿಸೋಕೆ ಇವರಿಗೇನು ಬಂದಿತ್ತು ಧಾಡಿ?”

“ನಾವು ಬರೋ ಹೊತ್ತಿಗೆ ನಾಲ್ಕು ಆಗಿಹೋಗಿತ್ತಲ್ಲ ಸಾರ್” ಅಂದರು. “ಅವರ ಕ್ರಯಪತ್ರದಲ್ಲಿ ನಾಲ್ಕು, ಖಾತೆಯಲ್ಲಿ ನಾಲ್ಕು, ರೇಷನ್ ಕಾರ್ಡಿನಲ್ಲಿ ನಾಲ್ಕು. ನಮ್ಮ ಬೀದಿ ಆಮೇಲೆ ಬಂತು. ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತ ಮೇಲೆ ನೆಂಟ ಬಂದರೆ ಏನು ಮಾಡ್ತೀರಿ? ಎಲ್ಲರನ್ನೂ ಎಬ್ಬಿಸಿ ಒಂದೊಂದು ಎಲೆ ಮುಂದಕ್ಕೆ ಕೂರಿಸ್ತೀರಾ? ಇಬ್ಬರ ನಡುವೆ ಇನ್ನೊಂದು ಎಲೆ ಹಾಕ್ತೀರಿ. ಆ ಎಲೆಯೇ ‘ಎ’.”

ಅಲ್ಲಿಂದ ಶುರುವಾಯಿತು ನೋಡಿ ಪಾಠ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ನಾನು ಈ ಮೇನು-ಕ್ರಾಸುಗಳನ್ನು ಯಾರೋ ತಲೆಕೆಟ್ಟವರು ಬರೆದ ಲೆಕ್ಕ ಅಂತಲೇ ಅಂದುಕೊಂಡಿದ್ದೆ. ಪೋಸ್ಟಣ್ಣನ ಪ್ರಕಾರ ಲೆಕ್ಕ ಸರಿಯಾಗಿಯೇ ಇದೆ, ಓದುವ ಕ್ರಮ ಗೊತ್ತಿರಬೇಕು ಅಷ್ಟೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ನಂಬರಿನ ಗೊಡವೆಯೇ ಇರಲಿಲ್ಲ. ಅಕ್ಕಿ ಸಿಗುವ ಕಡೆ ಅಕ್ಕಿಪೇಟೆ, ಅರಳೆ ಸಿಗುವ ಕಡೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ. ಏನು ಬೇಕು ಅಂತ ಗೊತ್ತಿದ್ದರೆ ಎಲ್ಲಿಗೆ ಹೋಗಬೇಕು ಅಂತಲೂ ಗೊತ್ತಾಗುತ್ತಿತ್ತು. ಆಮೇಲೆ ದಂಡಿನವರು ಬಂದರು. ಅವರ ಬೀದಿಗಳಿಗೆ ಪಟಾಲಮ್ಮುಗಳ ಹೆಸರು: ಇನ್‌ಫೆಂಟ್ರಿ ರೋಡ್, ಆರ್ಟಿಲರಿ ರೋಡ್, ಬ್ರಿಗೇಡ್ ರೋಡ್. ಚಾಮರಾಜಪೇಟೆ 1892ರಲ್ಲಿ ಎದ್ದಿತು. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಮಲ್ಲೇಶ್ವರ, ಬಸವನಗುಡಿ ಕಡೆ ಹೊರಟರು. ಗೆರೆ ಎಳೆದ ಹಾಗೆ ನೇರ ಬೀದಿಗಳು, ಅಗಲ ಸೈಟುಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು. ಒಂದೇ ಸಲಕ್ಕೆ ಅಷ್ಟೊಂದು ಬೀದಿ ಹುಟ್ಟಿದರೆ ಹೆಸರಿಗೆ ಎಲ್ಲಿ ಹೋಗುವುದು? ಮಲ್ಲೇಶ್ವರದ ಉದ್ದುದ್ದ ರಸ್ತೆಗಳಲ್ಲಿ ಕೆಲವಕ್ಕೆ ಸಂಪಿಗೆ, ಮಾರ್ಗೋಸಾ ಅಂತ ಮರದ ಹೆಸರಾದರೂ ಸಿಕ್ಕಿತು. ಅಡ್ಡಡ್ಡ ಬಂದವಕ್ಕೆ ನಂಬರು ಬಿತ್ತು. ಬಿದ್ದದ್ದು ನಂಬರೇ ಆದರೂ ಅದಕ್ಕೂ ಜೀವ ಬಂತು ಅನ್ನಿ. ಮಲ್ಲೇಶ್ವರದವರಿಗೆ ‘ಎಂಟನೇ ಕ್ರಾಸ್’ ಅಂದರೆ ಹೂವು, ಸೀರೆ, ಹಬ್ಬದ ನೂಕುನುಗ್ಗಲು. ‘ಹದಿನೆಂಟನೇ ಕ್ರಾಸ್’ ಅಂದರೆ ಬಸ್ಸು. ಅಲ್ಲಿ ಯಾರೂ ಅದನ್ನು ಸಂಖ್ಯೆ ಅಂತ ತಿಳಿದು ಹೇಳುವುದಿಲ್ಲ.

ತೊಡಕು ಶುರುವಾದದ್ದು ಬಡಾವಣೆಗಳ ಸುಗ್ಗಿಯಲ್ಲಿ. 1945ರಲ್ಲಿ ಸಿ.ಐ.ಟಿ.ಬಿ., ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಒಂದೊಂದು ಬಡಾವಣೆಗೂ ಒಂದೊಂದು ನಕ್ಷೆ. ನಕ್ಷೆ ಬರೆಯುವವನ ಮೇಜಿನ ಮೇಲೆ ಇರುವುದು ಆ ಒಂದೇ ಹಾಳೆ, ಅದರ ಆಚೆಗೆ ಬೆಂಗಳೂರೇ ಇಲ್ಲ. ಹೀಗಾಗಿ ಪ್ರತಿ ಹಾಳೆಯಲ್ಲೂ ಒಂದರಿಂದ ಎಣಿಕೆ. ಉದ್ದಕ್ಕೆ ಹೋದದ್ದು ಮೇನು, ಅದನ್ನು ಕತ್ತರಿಸಿದ್ದು ಕ್ರಾಸು. ಮೇನು ಅಂದ ಮಾತ್ರಕ್ಕೆ ಅಗಲವಾಗಿರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ಮೇನುಗಳೂ ಇವೆ, ಬಸ್ಸು ಓಡಾಡುವ ಕ್ರಾಸುಗಳೂ ಇವೆ. ಅಗಲವೇ ಮುಖ್ಯ ಅನ್ನುವ ಕಡೆ ಅದನ್ನೇ ಹೆಸರು ಮಾಡಿಬಿಟ್ಟರು. ಇಂದಿರಾನಗರದಲ್ಲೊಂದು 100 ಅಡಿ ರಸ್ತೆ, ಕೋರಮಂಗಲದಲ್ಲೊಂದು 100 ಅಡಿ ರಸ್ತೆ. ಫುಟ್‌ಪಾತಿನ ಅಂಗಡಿಗಳನ್ನು ಬಿಟ್ಟು ಟೇಪು ಹಿಡಿದರೆ ಎಷ್ಟು ಅಡಿ ಉಳಿದೀತು ಅನ್ನುವುದು ಬೇರೆ ಮಾತು.

“ಬಡಾವಣೆ ಬೆಳೆದಾಗ ಇನ್ನೊಂದು ಮೋಜು ಸಾರ್” ಅಂದರು ಪೋಸ್ಟಣ್ಣ. ಬನಶಂಕರಿ ಬೆಳೆದದ್ದು ಸ್ಟೇಜಿನ ಲೆಕ್ಕದಲ್ಲಿ, ಜೆ.ಪಿ. ನಗರ ಫೇಸಿನ ಲೆಕ್ಕದಲ್ಲಿ, ಜಯನಗರ ಬ್ಲಾಕಿನ ಲೆಕ್ಕದಲ್ಲಿ, ಎಚ್.ಎಸ್.ಆರ್. ಲೇಔಟು ಸೆಕ್ಟರಿನ ಲೆಕ್ಕದಲ್ಲಿ. ಬ್ಲಾಕಿನವರು ಫೇಸಿನವರ ಮನೆ ಹುಡುಕಲು ಹೋದರೆ ಮೊದಲು ಶಬ್ದಕೋಶ ಬೇಕು. ಜಯನಗರದ ಕ್ರಾಸುಗಳು ಬ್ಲಾಕು ಬದಲಾದರೂ ನಿಲ್ಲದೆ ಮೂವತ್ತು, ನಲವತ್ತು ಅಂತ ನಡೆದೇ ಹೋಗುತ್ತವೆ. ಬೇರೆ ಎಷ್ಟೋ ಕಡೆ ಸ್ಟೇಜು ಬದಲಾದ ಕೂಡಲೇ ಮತ್ತೆ ಒಂದರಿಂದ ಗಣೇಶಾಯ ನಮಃ. ಜಯನಗರದಲ್ಲೂ ಒಂದು ಕೊಕ್ಕೆ ಇದೆ: 4ನೇ ಬ್ಲಾಕು ಬೇರೆ, 4ನೇ ‘ಟಿ’ ಬ್ಲಾಕು ಬೇರೆ. 4ನೇ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ ಇಳಿದು ‘ಟಿ’ ಬ್ಲಾಕಿನ ಮದುವೆಗೆ ನಡೆದವರು ಮುಹೂರ್ತ ಮುಗಿದು ಊಟದ ಹೊತ್ತಿಗೆ ತಲುಪಿದ್ದುಂಟು. ಊಟ ಸಿಕ್ಕಿದ್ದರಿಂದ ಯಾರೂ ದೂರು ಕೊಡಲಿಲ್ಲ.

ಬಡಾವಣೆಗಳ ಹೆಸರೇ ಕೆಲವು ಕಡೆ ರಸ್ತೆಯ ಸಂಕ್ಷೇಪ. ಎಚ್.ಎಸ್.ಆರ್. ಅಂದರೆ ಹೊಸೂರು-ಸರ್ಜಾಪುರ ರಸ್ತೆ. ಎಚ್.ಬಿ.ಆರ್. ಅಂದರೆ ಹೆಣ್ಣೂರು-ಬಳ್ಳಾರಿ ರಸ್ತೆ. ಅದರ ಮಗ್ಗುಲಲ್ಲೇ ಎಚ್.ಆರ್.ಬಿ.ಆರ್.; ಅದು ಹೆಣ್ಣೂರು ರಸ್ತೆ-ಬಾಣಸವಾಡಿ ರಸ್ತೆ. ಒಂದು ‘ಆರ್’ ಕೈಬಿಟ್ಟರೆ ಪಾರ್ಸಲ್ಲು ಅನ್ಯರ ಮನೆಯ ಊಟವಾಗುತ್ತದೆ. ಬಿ.ಟಿ.ಎಂ.ನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರು ಅಡಗಿ ಕೂತಿವೆ. ಇನ್ನು ರಾಜಾಜಿನಗರದ ಆಚೆ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಅಂತ ಇದೆಯಲ್ಲ, ಅದಕ್ಕೆ ಹೆಸರೂ ಇಲ್ಲ, ನಂಬರೂ ಇಲ್ಲ. ದಿಕ್ಕು ತೋರಿಸಿ ಕೈಬಿಟ್ಟಿದ್ದಾರೆ.

ಸರ್ಕಾರದ ಬಡಾವಣೆಗಾದರೂ ಒಂದು ನಕ್ಷೆ ಇದೆ. ಅದರ ಸುತ್ತ ಗೃಹನಿರ್ಮಾಣ ಸಂಘಗಳ ಕಾಲೋನಿಗಳು, ಅವುಗಳ ಸುತ್ತ ರೆವಿನ್ಯೂ ಸೈಟುಗಳು. ಹೊಲದ ಒಂದು ಸರ್ವೆ ನಂಬರನ್ನು ತುಂಡು ಮಾಡಿ, ನಡುವೆ ಇಪ್ಪತ್ತಡಿ ದಾರಿ ಬಿಟ್ಟು, ಅದಕ್ಕೂ ‘1ನೇ ಮೇನ್’ ಅಂತ ಬಣ್ಣ ಬಳಿದವರಿದ್ದಾರೆ. ಆಚೆ ಹೊಲದವನು ಸುಮ್ಮನಿರುತ್ತಾನೆಯೆ? ಅವನದೂ 1ನೇ ಮೇನ್. ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿರುತ್ತವೆ.

“ಹಾಗಾದರೆ ನೀವು ಇದರಲ್ಲೆಲ್ಲ ಕಾಗದ ಹೇಗೆ ಕೊಡುತ್ತಿದ್ದಿರಿ?” ಅಂದೆ.

“ನಂಬರು ಓದ್ತಾ ಇರಲಿಲ್ಲ ಸಾರ್, ನಂಬರಿಗೆ ಅಂಟಿಕೊಂಡಿದ್ದನ್ನ ಓದ್ತಾ ಇದ್ದೆ” ಅಂದರು. ಬೆಳಿಗ್ಗೆ ಬೀಟಿಗೆ ಹೊರಡುವ ಮುಂಚೆ ಕಾಗದಗಳನ್ನು ನಡೆಯುವ ದಾರಿಯ ಕ್ರಮದಲ್ಲಿ ಜೋಡಿಸಿಕೊಳ್ಳುವಾಗಲೇ ಅವರ ಕೈ ‘ಎ’, ‘ಬಿ’ಗಳನ್ನು ಹುಡುಕುತ್ತಿತ್ತಂತೆ. ‘ಎ’ ಇದ್ದರೆ ಆ ಬೀದಿ ಮೊದಲ ನಕ್ಷೆಯಲ್ಲಿ ಇರಲಿಲ್ಲ. ಆಮೇಲೆ ಯಾವುದೋ ತೋಟ, ಖಾಲಿ ಬಿಟ್ಟ ಜಾಗ, ಹಿಂದಿನ ಗಲ್ಲಿ ರಸ್ತೆಯಾಗಿದೆ. ‘ಎ’ಯಿಂದ ‘ಡಿ’ವರೆಗೆ ಒಂದೇ ಕಡೆ ಗುಂಪಾಗಿದ್ದರೆ ಅಲ್ಲಿ ದೊಡ್ಡದೇ ಒಂದು ಜಾಗ ಸೈಟಾಯಿತು ಅಂತ ಲೆಕ್ಕ. ಮನೆ ನಂಬರಿಗೆ 17/1, 17/2 ಅಂತ ಬಾಲ ಇದ್ದರೆ ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಇಲ್ಲವೇ ಹಿಂದಿನ ಅರ್ಧ ಮಾರಿದ್ದಾರೆ. ಕ್ರಾಸು ನಡುವೆ ಕಡಿದುಹೋಗಿ ಆಚೆ ಅದೇ ನಂಬರಿನಲ್ಲಿ ಮುಂದುವರಿದರೆ ಮಧ್ಯದಲ್ಲಿ ರಾಜಕಾಲುವೆ ಇದೆ. “ಒಂದು ಬಡಾವಣೆಯ ರಸ್ತೆ ನಂಬರುಗಳನ್ನ ನನ್ನ ಮುಂದೆ ಇಡಿ, ಅಲ್ಲಿ ಏನೇನು ನಡೆದಿದೆ ಅಂತ ಹೇಳ್ತೀನಿ” ಅಂದರು. ಜಾತಕ ನೋಡುವವರ ಗತ್ತು.

ಒಳಗಿಂದ ಮದುವೆಯ ಕರೆಯೋಲೆಯೊಂದನ್ನು ತಂದು ತೋರಿಸಿದೆ. ವರನ ಮನೆ ವಿಳಾಸ: ‘ನಂ. 45 (ಹಳೇ ನಂ. 12/1), 2ನೇ ‘ಬಿ’ ಕ್ರಾಸ್, 7ನೇ ಮೇನ್, 3ನೇ ಸ್ಟೇಜ್, 2ನೇ ಬ್ಲಾಕ್’. ಮೇಲ್ನೋಟಕ್ಕೆ ಮಗ್ಗಿ ಪುಸ್ತಕ. ಪೋಸ್ಟಣ್ಣ ಕನ್ನಡಕ ಏರಿಸಿ ಹಿಂದಿನಿಂದ ಓದಿದರು. “ಮೊದಲು ಸ್ಟೇಜು, ಬ್ಲಾಕು ಹಿಡೀಬೇಕು, ಆಗ ಊರಿಗೆ ಬಂದ ಹಾಗೆ. ಏಳನೇ ಮೇನಿನಲ್ಲಿ ನಡೆದುಹೋಗ್ತಾ ಕ್ರಾಸು ಎಣಿಸಬೇಕು. ಎರಡು, ಎರಡು ‘ಎ’, ಎರಡು ‘ಬಿ’. ನಲವತ್ತೈದು ಪಾಲಿಕೆಯವರು ಕೊಟ್ಟದ್ದು, ಹನ್ನೆರಡರ ಒಂದು ಸೈಟಿನದು. ಗೇಟಿನ ಮೇಲೆ ಎರಡೂ ಇರತ್ತೆ, ಕೊನೆಗೆ ಪಕ್ಕದ ಮನೆಯವರಿಗೆ ಎರಡೂ ಗೊತ್ತಿರಲ್ಲ.”

ನಂಬರಿನ ಮೇಲೆ ನಂಬಿಕೆ ಇಲ್ಲದ್ದು ಪೋಸ್ಟಣ್ಣನಿಗೆ ಮಾತ್ರವಲ್ಲ, ಕಾನೂನಿಗೂ ಇಲ್ಲ. ಯಾವ ಕ್ರಯಪತ್ರವನ್ನಾದರೂ ತೆಗೆದು ನೋಡಿ. ಸೈಟ್ ನಂಬರು, ಖಾತೆ ನಂಬರು, ಅಳತೆ 30 × 40 ಎಲ್ಲ ಬರೆದಾದ ಮೇಲೂ ಕೊನೆಗೆ ಚಕ್ಕುಬಂದಿ ಅಂತ ಒಂದು ಇದ್ದೇ ಇರುತ್ತದೆ: ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥ ನಂಬರು, ದಕ್ಷಿಣಕ್ಕೆ ಇಂಥ ನಂಬರು. ಅಂದರೆ ‘ನಿಮ್ಮ ನಂಬರು ಏನಾದರೂ ಇರಲಿ, ಅಕ್ಕಪಕ್ಕ ಯಾರಿದ್ದಾರೆ ಹೇಳಿ’ ಅನ್ನುತ್ತದೆ ಸರ್ಕಾರ. ಇಸ್ತ್ರಿ ಗಾಡಿಯ ಎದುರು ಅಂತ ದಾರಿ ಹೇಳುವುದು ಇದಕ್ಕಿಂತ ಬೇರೆಯೆ?

ಗುರುತಿಗೂ ಒಂದು ತೊಂದರೆ ಉಂಟು. ಅದು ಇದ್ದಲ್ಲಿಯೇ ಇರುವುದಿಲ್ಲ. ಮಿನರ್ವಾ ಸರ್ಕಲ್ಲಿನಲ್ಲಿ ಮಿನರ್ವಾ ಟಾಕೀಸಿಲ್ಲ. ಜಯನಗರದ ನಂದಾ ಟಾಕೀಸಿನಲ್ಲಿ ಸಿನಿಮಾ ನಿಂತರೂ ಜನ ಅಲ್ಲೇ ಇಳಿಯುತ್ತಾರೆ. ಮೆಜೆಸ್ಟಿಕ್ಕಿನ ಹತ್ತಿರ ಟ್ಯಾಂಕ್ ಬಂಡ್ ರೋಡಿದೆ, ಬಂಡಿನ ಪಕ್ಕ ಇರಬೇಕಾದ ಧರ್ಮಾಂಬುಧಿ ಕೆರೆಯಲ್ಲಿ ಈಗ ಬಸ್ಸುಗಳು ತೇಲುತ್ತಿವೆ. ನಂಬರು ಇದ್ದರೂ ಮನೆ ಸಿಗುವುದಿಲ್ಲ, ಗುರುತು ಇಲ್ಲದಿದ್ದರೂ ದಾರಿ ಸಿಗುತ್ತದೆ. ಬೆಂಗಳೂರಿಗರ ಜಾಣತನ ಇರುವುದು ಇಲ್ಲಿ.

“ಅದೆಲ್ಲ ಸರಿ, ಒಂದು ಸಲ ಎಲ್ಲ ಅಳಿಸಿ ಹೊಸದಾಗಿ, ಶಿಸ್ತಾಗಿ ನಂಬರು ಹಾಕಿದರೆ ಏನು ಗಂಟು ಹೋಗುತ್ತೆ?” ಅಂದೆ. ಪೋಸ್ಟಣ್ಣ ನಕ್ಕರು. ಅವರ ಅಳಿಯ ಹಾವೇರಿ ಕಡೆಯವರು. “ನಮ್ಮ ಅಳಿಯಂದಿರನ್ನ ಕೇಳಿ ಸಾರ್, ಯಾವ ರೋಡಲ್ಲಿ ಬಂದ್ರಿ ಅಂತ. ಇವತ್ತಿಗೂ ಎನ್.ಎಚ್. ಫೋರ್ ಅಂತಾರೆ.”

ನಿಜವೇ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟರು. ಕೊಟ್ಟದ್ದು ಬಹಳ ಶಿಸ್ತಿನಿಂದಲೇ. ಉತ್ತರ-ದಕ್ಷಿಣ ಓಡುವವಕ್ಕೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತದೆ. ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿ ಇದ್ದರೆ ಕವಲು, ಕೊನೆಯ ಎರಡಂಕಿ ನೋಡಿದರೆ ತಾಯಿ ಯಾರು ಅಂತ ಗೊತ್ತಾಗುತ್ತದೆ. ಬೆಂಗಳೂರು-ಮೈಸೂರಿನ 275 ಅಂದರೆ 75ರ ಕೂಸು. ಇಷ್ಟು ಚೊಕ್ಕ ಲೆಕ್ಕ. ಆದರೆ ಆದದ್ದೇನು? ಬೆಂಗಳೂರು-ಮಂಗಳೂರು ರಸ್ತೆ 48 ಆಗಿದ್ದದ್ದು 75 ಆಯಿತು. ಕೈಬಿಟ್ಟ 48 ಹೋಗಿ ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ಮೇಲೆ ಪುಣೆಗೆ ಹೋಗುವ ರಸ್ತೆಗೆ ಕೂತಿತು, ಅದು ಮೊದಲು 4. ಆ 4 ಎಲ್ಲಿಗೆ ಹೋಯಿತು? ಅಂಡಮಾನಿಗೆ! ಕರಾವಳಿಯ 17, 66 ಆಯಿತು. ಹಳೇ ಕಾಗದದಲ್ಲಿ ‘ಎನ್.ಎಚ್. 48’ ಅಂತ ಕಂಡರೆ ಅದು ಹಾಸನದ ದಾರಿಯೋ ಹುಬ್ಬಳ್ಳಿಯ ದಾರಿಯೋ ಅಂತ ಮೊದಲು ತಾರೀಖು ನೋಡಬೇಕು. ಶಿಸ್ತು ಬಂತು, ನೆನಪು ಹೋಯಿತು. ನಮ್ಮ ‘ಎ’ ಕ್ರಾಸು ಶಿಸ್ತಿಲ್ಲದಿದ್ದರೂ ತಾನು ಯಾವಾಗ ಹುಟ್ಟಿದೆ, ಯಾರ ನಡುವೆ ಹುಟ್ಟಿದೆ ಅಂತ ಮೈಮೇಲೆ ಬರೆದುಕೊಂಡಿದೆ.

ಪೋಸ್ಟಣ್ಣನಿಗೆ ಪೂರ್ತಿ ನಂಬಿಕೆ ಇರುವ ನಂಬರು ಒಂದೇ, ಪಿನ್‌ಕೋಡು. 1972ರ ಆಗಸ್ಟ್ 15ರಂದು ಬಂದದ್ದು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. 560 ಅಂದರೆ ಬೆಂಗಳೂರು. ಉಳಿದ ಮೂರಂಕಿ ಹಂಚುವ ಅಂಚೆ ಕಚೇರಿ. ಹಳೇ ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ಪ್ರಕಾಶಕರ ವಿಳಾಸಕ್ಕೆ ‘ಬೆಂಗಳೂರು-4’ ಅಂತ ಇರುತ್ತದಲ್ಲ, ಅದೇ ಬಸವನಗುಡಿ, ಈಗಿನ 560004. ಮಲ್ಲೇಶ್ವರದ 3 ಹೋಗಿ 560003. ಹಳೆಯದನ್ನು ಅಳಿಸದೆ ಅದರ ಮುಂದೆ ಹೊಸದನ್ನು ಜೋಡಿಸಿದರು, ಹಾಗಾಗಿ ಬಾಳಿತು ಅನ್ನುತ್ತಾರೆ ಪೋಸ್ಟಣ್ಣ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕ ಮಾಡಿ ಒಂದೊಂದಕ್ಕೂ ಅಂಕಿ-ಅಕ್ಷರ ಸೇರಿ ಹತ್ತರ ಸಂಕೇತ. ನಮ್ಮನೆ ಹಾಲಿಗೆ ಒಂದು, ಅಡುಗೆಮನೆಗೆ ಇನ್ನೊಂದು ಬಂದರೂ ಬಂದೀತು. ಆಂಬುಲೆನ್ಸಿಗೆ, ಕಂಪ್ಯೂಟರಿಗೆ ಬಹಳ ಒಳ್ಳೆಯದು. ಬೀಗರಿಗೆ ಫೋನಿನಲ್ಲಿ ಹೇಳುವುದು ಹೇಗೆ ಅಂತ ನಮ್ಮ ಮನೆಯಾಕೆ ಕೇಳುತ್ತಿದ್ದಾಳೆ.

ಇತ್ತೀಚೆಗೆ ನಮ್ಮ ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಕ್ರಾಂತಿ ಎದ್ದಿತು. ‘ಎ’ ಅಂದರೆ ಏನೋ ಎರಡನೇ ದರ್ಜೆ ಅನ್ನಿಸುತ್ತದಂತೆ, ಸೈಟಿನ ಬೆಲೆಗೂ ಕುಂದಂತೆ. ಅದನ್ನು ತೆಗೆಸಿ ಬೀದಿಗೆ ಒಳ್ಳೆಯ ಹೆಸರಿಡಿಸಬೇಕು ಅಂತ ಮನವಿ ಬರೆದು ಸಹಿ ಸಂಗ್ರಹಕ್ಕೆ ಹೊರಟರು. ಪೋಸ್ಟಣ್ಣ ಪೆನ್ನು ಮುಟ್ಟಲಿಲ್ಲ. “ಹೆಸರಿಡೋದಾದ್ರೆ ಚಾಮರಾಜಪೇಟೆಯವರ ಹಾಗೆ ಇಡಬೇಕು” ಅಂದರು. ಅಲ್ಲಿ ಆಲ್ಬರ್ಟ್ ವಿಕ್ಟರ್ ರಸ್ತೆಯನ್ನು ಆಲೂರು ವೆಂಕಟರಾವ್ ರಸ್ತೆ ಮಾಡಿದರು. ಇಂಗ್ಲೆಂಡಿನ ರಾಜಕುಮಾರ ಇಳಿದ, ಕನ್ನಡದ ಕುಲಪುರೋಹಿತರು ಏರಿದರು, ಎ.ವಿ. ರೋಡು ಎ.ವಿ. ರೋಡಾಗಿಯೇ ಉಳಿಯಿತು. ಪೋಸ್ಟ್‌ಮ್ಯಾನಿಗೆ ಒಂದು ದಿನವೂ ತೊಂದರೆ ಆಗಲಿಲ್ಲ.

ನಮ್ಮವರು ಅಷ್ಟು ಜಾಣರಲ್ಲ. ಯಾವ ಹೆಸರು ಅನ್ನುವ ಪ್ರಶ್ನೆ ಬಂದ ಸಂಜೆ ಗುಂಪಿನಲ್ಲಿ ಕವಿಗಳು, ಸ್ವಾಮಿಗಳು, ನಟರು, ಮಾಜಿ ಶಾಸಕರು, ಒಬ್ಬರ ದಿವಂಗತ ಮಾವನವರು, ಎಲ್ಲರೂ ಸಾಲಾಗಿ ಬಂದು ನಿಂತರು. ಮನೆಗೊಂದು ಹೆಸರು, ಹೆಸರಿಗೊಂದು ಪಕ್ಷ. ಇಬ್ಬರು ಗುಂಪು ಬಿಟ್ಟು ಹೋದರು. ಎದುರುಬದುರು ಮನೆಯವರು ಮಾತು ಬಿಟ್ಟರು. ಅವರ ನಡುವೆ ಬಟ್ಟಲು ಸಾಂಬಾರು ಓಡಾಡುತ್ತಿದ್ದದ್ದೂ ನಿಂತಿತು.

“ನೋಡಿ ಸಾರ್” ಅಂದರು ಪೋಸ್ಟಣ್ಣ ಗೋಡೆಯ ಆಚೆಯಿಂದ. “ಮೂರು ಅನ್ನೋದು ಯಾವ ಜಾತಿ? ‘ಎ’ ಅನ್ನೋದು ಯಾವ ಪಾರ್ಟಿ? ಇಷ್ಟು ವರ್ಷ ಅದಕ್ಕಾಗಿ ಒಬ್ಬರಾದ್ರೂ ಜಗಳ ಆಡಿದ್ರಾ?”

ಮನವಿ ಈಗ ಎಲ್ಲಿಗೆ ಬಂತೋ ಗೊತ್ತಿಲ್ಲ. ಕೇಳೋಣವೆಂದರೆ ಅದನ್ನು ಇಟ್ಟುಕೊಂಡವರ ವಿಳಾಸದಲ್ಲಿ 3ನೇ ಕ್ರಾಸ್ ಅಂತ ಮಾತ್ರ ಇದೆ, ‘ಎ’ಯನ್ನು ಅವರು ಮುಂಚಿತವಾಗಿಯೇ ಕಿತ್ತುಹಾಕಿದ್ದಾರೆ. ಹಾಗಾಗಿ ಅವರ ಪಾರ್ಸಲ್ಲುಗಳೆಲ್ಲ ಆ ಬೀದಿಗೆ ಹೋಗುತ್ತಿವೆ.